ಅರ್ಧ ಲೀಟರ್ ಮರ್ಯಾದೆ

ನನ್ನ ಭಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ಅವರು ಬೀದಿಯ ಆ ತುದಿಯಲ್ಲಿ ಕಾಣಿಸಿಕೊಂಡರೆ ಈ ತುದಿಯ ತರಕಾರಿಯವಳು ತಕ್ಕಡಿ ಒರೆಸಲು ಶುರುಮಾಡುತ್ತಿದ್ದಳು. ಹಾಲಿನವನು ತನ್ನ ಅಳತೆ ಲೋಟವನ್ನು ತಾನೇ ಅನುಮಾನದಿಂದ ನೋಡಿಕೊಳ್ಳುತ್ತಿದ್ದ. ಬಟ್ಟೆ ಅಂಗಡಿಯವನು ಭಯಕ್ಕೆ ಮೀಟರಿನ ಮೇಲೆ ನಾಲ್ಕು ಬೆರಳು ಹೆಚ್ಚಿಗೇ ಹರಿದುಕೊಟ್ಟರೆ ಭಾವ ಅದಕ್ಕೂ ಜಗಳ ತೆಗೆಯುತ್ತಿದ್ದರು. "ಹೆಚ್ಚು ಕೊಡೋದೂ ತಪ್ಪು ಅಳತೇನೇ ಕಣಯ್ಯಾ" ಎನ್ನುವುದು ಅವರ ವಾದ. ಮನೆಯಲ್ಲಿ ಕಾಫಿ ಕೊಟ್ಟರೆ ಲೋಟದ ಅಂಚಿಗೆ ಮುಟ್ಟಿರಬೇಕು. ಅಂಚಿಗಿಂತ ಒಂದು ಬೆರಳು ಕೆಳಗಿದ್ದರೆ ಅಕ್ಕನಿಗೆ ವಿಚಾರಣೆ ತಪ್ಪಿದ್ದಲ್ಲ. ಅವರ ಎದುರು ಮನೆಯಲ್ಲೇ ನಾನು ಇರುವುದರಿಂದ, ಅಕ್ಕನ ಗಂಡ ಎಂಬ ಮುಲಾಜಿಗೆ, ಅವರ ಎಲ್ಲ ಜಗಳಗಳಿಗೂ ನಾನೇ ಕಾಯಂ ಸಾಕ್ಷಿ.

ನಮ್ಮ ಕಟ್ಟಡದ ಮೇಲಿನ ಮನೆಗೆ ಹೊರದೇಶದ ಗಂಡಹೆಂಡಿರು ಬಾಡಿಗೆಗೆ ಬಂದರು. ದೂರದ ಯಾವುದೋ ಮರಳುಗಾಡಿನವರು. ಗಂಡ ಹೊಳೆಗೆ ಹೊಸ ಸೇತುವೆ ಕಟ್ಟಿಸಲು ಬಂದ ಇಂಜಿನಿಯರು, ಹಾಗಾಗಿ ಇಡೀ ಕಟ್ಟಡಕ್ಕೆ ಅವರು 'ಸೇತುವೆಯವರು' ಆದರು. ಅವರು ನಮ್ಮ ಭಾಷೆಯನ್ನು ಯಾವುದೋ ಹಳೆಯ ವ್ಯಾಕರಣದ ಪುಸ್ತಕದಿಂದ ಕಲಿತಿದ್ದರು. ಮಾತಾಡಿದರೆ ಶಾಸನ ಓದಿದ ಹಾಗಿರುತ್ತಿತ್ತು. ಮೊದಲ ದಿನ ಮೆಟ್ಟಿಲ ಮೇಲೆ ನನ್ನನ್ನು ತಡೆದು, "ಸೋಪಾನದ ಮೇಲೆ ಜಲವು ಚೆಲ್ಲಿದೆ. ಜಾಗರೂಕತೆಯಿಂದ ನಡೆಯತಕ್ಕದ್ದು" ಎಂದರು. ಅರ್ಥವಾಗುವಷ್ಟರಲ್ಲಿ ನಾನು ಜಾರಿ ಮೂರು ಮೆಟ್ಟಿಲು ಇಳಿದಾಗಿತ್ತು.

ಅವರ ಹೆಂಡತಿ ಕೀಲು, ಭುಜಗಳಿಗೆ ವ್ಯಾಯಾಮ ಹೇಳಿಕೊಡುವ ಡಾಕ್ಟರು. ಅಕ್ಕನ ಬಲಭುಜ ಒಂದು ವರ್ಷದಿಂದ ಬಿಗಿದುಕೊಂಡಿತ್ತು. ಕೈ ಹೆಗಲಿನ ಮೇಲಕ್ಕೆ ಏಳುತ್ತಿರಲಿಲ್ಲ. ದಿನಾ ಬೆಳಿಗ್ಗೆ ನನ್ನ ಹೆಂಡತಿ ಹೋಗಿ ತಲೆ ಬಾಚಿ ಬರುತ್ತಿದ್ದಳು. ಅಕ್ಕ ಮಹಡಿಯ ಮೇಲೆ ಒಂದೇ ಕೈಯಲ್ಲಿ ಬಟ್ಟೆ ಒಣಗಿಸುವುದನ್ನು ಕಂಡ ಡಾಕ್ಟರಮ್ಮ ಮಾರನೆಯ ದಿನ ಹನ್ನೊಂದು ಗಂಟೆಗೆ ತಾವೇ ಬಂದು ಬಾಗಿಲು ತಟ್ಟಿದರು. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯ ಹಾಗೆ ಹತ್ತಿಸುವುದು ಅವರ ಚಿಕಿತ್ಸೆ. ಆಕೆಗೆ ಬರುತ್ತಿದ್ದ ನಮ್ಮ ಮಾತು ಎರಡೇ: "ಇನ್ನೊಂದ್ಸಲ" ಮತ್ತು "ಮೇಲೆ". ಆ ಎರಡರಲ್ಲೇ ಇಪ್ಪತ್ತು ದಿನದಲ್ಲಿ ಅಕ್ಕನ ಬೆರಳು ಒಂದು ಗೇಣು ಏರಿತು. ಭಾವ ದಿನಾ ಸಂಜೆ ಟೇಪು ಹಿಡಿದು, ಬೆರಳು ಮುಟ್ಟಿದ ಕಡೆ ಪೆನ್ಸಿಲ್ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದು ರುಜು ಹಾಕುತ್ತಿದ್ದರು.

ಹೀಗೆ ಒಡನಾಟ ಬೆಳೆದ ಮೇಲೆ ಸೇತುವೆಯವರು ನಮ್ಮ ಮೂವರನ್ನೂ ಕಾಫಿಗೆ ಕರೆದರು. ನನ್ನ ಹೆಂಡತಿ ತವರಿಗೆ ಹೋಗಿದ್ದಳು. ಅವಳು ಪುಣ್ಯವಂತೆ.

ಮೇಲಿನ ಮನೆಯಲ್ಲಿ ಒಂದು ತಟ್ಟೆ ಖರ್ಜೂರ ಇಟ್ಟಿದ್ದರು. ಸೇತುವೆಯವರು ಎಡಗೈಯಲ್ಲಿ ಉದ್ದ ಮೂತಿಯ ಹಿತ್ತಾಳೆ ಹೂಜಿ, ಬಲಗೈಯಲ್ಲಿ ಬಟ್ಟಲು ಹಿಡಿದು ನಿಂತೇ ಇದ್ದರು. ಬಟ್ಟಲು ಅಂದರೆ ಹಿಡಿ ಇಲ್ಲದ್ದು, ಮಗುವಿಗೆ ಔಷಧಿ ಕುಡಿಸುವಷ್ಟು ದೊಡ್ಡದು. ಅದರಲ್ಲೂ ಕಾಲುಭಾಗಕ್ಕೆ ಕಾಫಿ ಬಗ್ಗಿಸಿ ಭಾವನ ಕೈಗೆ ಕೊಟ್ಟರು. ಹಾಲಿಲ್ಲ, ಸಕ್ಕರೆ ಇಲ್ಲ, ಬಣ್ಣ ಹಳದಿ, ಏಲಕ್ಕಿಯ ವಾಸನೆ.

ಭಾವ ಬಟ್ಟಲೊಳಗೆ ಇಣುಕಿದರು. ಆಮೇಲೆ ನನ್ನನ್ನು ನೋಡಿದರು. "ರುಚಿ ನೋಡೋಕೆ ಕೊಟ್ಟಿರಬೇಕು" ಎಂದು ನನ್ನ ಕಿವಿಯಲ್ಲಿ ಹೇಳಿ ಕುಡಿದರು. ಸೇತುವೆಯವರು ತಕ್ಷಣ ಮತ್ತೆ ಕಾಲುಭಾಗ ಹಾಕಿದರು. ಅದನ್ನೂ ಕುಡಿದರು. ಮತ್ತೆ ಕಾಲುಭಾಗ.

ಅಕ್ಕ ಸುಮ್ಮನೆ ಡಾಕ್ಟರಮ್ಮನನ್ನೇ ನೋಡುತ್ತಿದ್ದಳು. ಆಕೆ ಎರಡನೆಯ ಸಲ ಕುಡಿದ ಮೇಲೆ ಬಟ್ಟಲನ್ನು ಅತ್ತಿತ್ತ ಎರಡು ಸಲ ಆಡಿಸಿ ಗಂಡನ ಕೈಗೆ ಕೊಟ್ಟರು. ಅಕ್ಕನೂ ಹಾಗೇ ಮಾಡಿದಳು. ಅಕ್ಕನನ್ನು ನೋಡಿ ನಾನೂ ಮಾಡಿದೆ. ಭಾವ ಮಾಡಲಿಲ್ಲ. ದ್ರವ ಅಳೆಯುವ ಪಾತ್ರೆಯನ್ನು ಅಲ್ಲಾಡಿಸಬಾರದು ಎನ್ನುವುದು ಅವರ ಇಲಾಖೆಯ ಮೊದಲ ಪಾಠ. ಬಟ್ಟಲನ್ನು ನೆಟ್ಟಗೆ ಹಿಡಿದುಕೊಂಡು, ಕೊಟ್ಟದ್ದನ್ನೆಲ್ಲ ಕುಡಿದುಕೊಂಡು, ಹನ್ನೊಂದು ಸಲ ಮುಗಿಸಿದರು. ಹನ್ನೊಂದನೆಯದಕ್ಕೆ ಸೇತುವೆಯವರು ಹೂಜಿಯನ್ನು ಪೂರ್ತಿ ಬಗ್ಗಿಸಬೇಕಾಯಿತು. ಹೂಜಿ ಬರಿದಾಯಿತು ಎಂಬ ಒಂದೇ ಕಾರಣಕ್ಕೆ ನಾವು ಮನೆಗೆ ಬಂದೆವು.

ಮೆಟ್ಟಿಲಲ್ಲೇ ಭಾವನ ಬಾಯಿ ಬಿಚ್ಚಿತು. "ಹನ್ನೊಂದು ಕಾಲು ಅಂದ್ರೆ ಎರಡೂ ಮುಕ್ಕಾಲು ಬಟ್ಟಲು. ಅದನ್ನ ಒಂದೇ ಸಲ ಕೊಟ್ಟು ಕೂತ್ಕೊಳ್ಳೋಕೆ ಇವರಿಗೇನು ರೋಗ? ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತಾರಲ್ಲ, ಅದನ್ನೂ ಕಂತಿನಲ್ಲಿ ಕೊಟ್ಟ ಹಾಗಾಯ್ತು. ಮನೆಗೆ ಕರೆದು ಅವಮಾನ ಮಾಡಿದಾರೆ."

"ಬಟ್ಟಲು ಅಲ್ಲಾಡಿಸಿದ್ರೆ ನಿಲ್ಲಿಸ್ತಿದ್ರು ರೀ" ಎಂದಳು ಅಕ್ಕ.

"ಯಾವ ಕಾಯಿದೆಯಲ್ಲಿದೆ ಅದು?"

ಭಾವನಿಗೆ ಆ ದಿನ ನಿದ್ದೆ ಬರಲಿಲ್ಲ ಎನ್ನುವುದನ್ನು ಬೇರೆ ಹೇಳಬೇಕಾಗಿಲ್ಲ. ಬೆಳಗಾಗುವಷ್ಟರಲ್ಲಿ ಒಂದು ತೀರ್ಮಾನಕ್ಕೆ ಬಂದಿದ್ದರು. "ಭಾನುವಾರ ಅವರನ್ನ ನಮ್ಮನೆಗೆ ಕರೀತೀನಿ. ಕಾಫಿ ಕೊಡೋದು ಅಂದ್ರೆ ಏನು ಅಂತ ಈ ಜನಕ್ಕೆ ಯಾರಾದ್ರೂ ತೋರಿಸಬೇಕಲ್ಲ."

ಭಾನುವಾರ ಸಂಜೆ ಅಕ್ಕ ತಿಂಡಿ ಮಾಡಿ, ಕಾಫಿ ಸೋಸಿ, ಲೋಟಗಳನ್ನು ಜೋಡಿಸುತ್ತಿದ್ದಳು. ಭಾವ ಅಡುಗೆಮನೆಗೆ ಬಂದು ಲೋಟಗಳನ್ನು ಪಕ್ಕಕ್ಕೆ ಸರಿಸಿ, ತಮ್ಮ ಚೀಲದಿಂದ ಎರಡು ಪಾತ್ರೆ ತೆಗೆದಿಟ್ಟರು. ಇಲಾಖೆಯ ಲ್ಯಾಬಿನ ಅರ್ಧ ಲೀಟರ್ ಅಳತೆ ಪಾತ್ರೆಗಳು. ಊರಿನ ಎಲ್ಲ ಅರ್ಧ ಲೀಟರುಗಳನ್ನೂ ಅವುಗಳ ಪಕ್ಕ ಇಟ್ಟು ಸರಿಯೋ ತಪ್ಪೋ ಎಂದು ನೋಡುವಂಥವು. ಮೇಲೆ ಸರ್ಕಾರದ ಮುದ್ರೆ.

"ಲೋಟದಲ್ಲೇ ಕೊಡೋಣ ರೀ, ಇದೇನು ಇದು" ಎಂದಳು ಅಕ್ಕ.

"ನಿನ್ನ ಲೋಟಕ್ಕೆ ಮುದ್ರೆ ಇದೆಯಾ?"

ಇರಲಿಲ್ಲ. ಭಾವ ಪಾತ್ರೆಗಳನ್ನು ಸಮತಟ್ಟಾದ ಕಡೆ ಇಟ್ಟು, ಹಾಲು ಸಕ್ಕರೆ ಹಾಕಿದ ಕಾಫಿ ಸುರಿದು, ಬಗ್ಗಿ ಅಂಚಿನ ನೇರಕ್ಕೆ ಕಣ್ಣಿಟ್ಟು, ಕೊನೆಯ ಹನಿಗಳನ್ನು ಚಮಚದಲ್ಲಿ ಹಾಕಿದರು. ಇನ್ನೊಂದು ಹನಿ ಬಿದ್ದಿದ್ದರೆ ಚೆಲ್ಲುತ್ತಿತ್ತು. ಆಮೇಲೆ ಉಸಿರು ಹಿಡಿದು ಒಂದೊಂದಾಗಿ ಹೊತ್ತು ತಂದು ಅತಿಥಿಗಳ ಮುಂದೆ ಇಟ್ಟರು.

ಅಲ್ಲಿಯ ತನಕ ಸೇತುವೆಯವರು ಭಾವನ ಹನ್ನೊಂದು ಬಟ್ಟಲುಗಳನ್ನು ಹೊಗಳುತ್ತಿದ್ದರು. ಪಾತ್ರೆ ನೋಡಿದ ಕೂಡಲೇ ಮಾತು ನಿಂತಿತು.

"ಇದು ನಮಗೋ?"

"ನಿಮಗೇ."

"ಪೂರ್ಣವಾಗಿ?"

"ಪೂರ್ತಿ. ಒಂದು ಹನಿ ಬಿಡಬಾರದು" ಎಂದರು ಭಾವ, ಮೀಸೆಯ ಮೇಲೆ ಕೈಯಿಟ್ಟು.

ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಭಾಷೆಯಲ್ಲಿ ಏನೋ ಒಂದು ಮಾತು. ಆಮೇಲೆ ಇಬ್ಬರೂ ಎದ್ದು ನಿಂತು, ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು, ಅರ್ಧ ಲೀಟರ್ ಬಿಸಿ ಕಾಫಿಯನ್ನು ಮಾತಿಲ್ಲದೆ ಕುಡಿದರು. ಡಾಕ್ಟರಮ್ಮನ ಕಣ್ಣಲ್ಲಿ ನೀರು ಬಂತು. ಅದು ಬಿಸಿಗೋ ಬೇರೆಯದಕ್ಕೋ ಆಗ ನನಗೆ ತಿಳಿಯಲಿಲ್ಲ. ಸೇತುವೆಯವರು ಬಾಯಿ ಒರೆಸಿಕೊಂಡು, "ತಮ್ಮ ಅಭಿಪ್ರಾಯವು ಸ್ಪಷ್ಟವಾಯಿತು. ನಾವು ನಿರ್ಗಮಿಸುತ್ತೇವೆ" ಎಂದರು.

"ಸ್ಪಷ್ಟ ಆಗ್ಲೇಬೇಕಲ್ಲ" ಎಂದರು ಭಾವ, ನಗುತ್ತಾ.

ಬಂದು ಹತ್ತು ನಿಮಿಷ ಆಗಿರಲಿಲ್ಲ, ಹೋದರು. ಅಕ್ಕ ತಿಂಡಿಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಭಾವ ಮಾತ್ರ ಗೆದ್ದ ಖುಷಿಯಲ್ಲಿ ಆ ತಿಂಡಿಯನ್ನೆಲ್ಲ ತಾವೇ ತಿಂದು, "ನೋಡಿದ್ಯಾ, ಮಾತೇ ಹೊರಡ್ಲಿಲ್ಲ ಪಾಪ. ಜನ್ಮದಲ್ಲಿ ಅಷ್ಟು ಕಾಫಿ ಕಂಡಿಲ್ಲ" ಎಂದರು.

ಸೋಮವಾರ ಹನ್ನೊಂದು ಗಂಟೆಗೆ ಡಾಕ್ಟರಮ್ಮ ಬರಲಿಲ್ಲ. ಮಂಗಳವಾರವೂ ಇಲ್ಲ. ಮೆಟ್ಟಿಲ ಮೇಲೆ ಸಿಕ್ಕರೆ ಗಂಡಹೆಂಡಿರು ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದರು. ಬುಧವಾರ ಕಟ್ಟಡದ ಸಂಘದ ಕಾರ್ಯದರ್ಶಿ, ನಿವೃತ್ತ ಮೇಷ್ಟ್ರು, ಕಂಕುಳಲ್ಲಿ ರಿಜಿಸ್ಟರು ಇಟ್ಟುಕೊಂಡು ಭಾವನ ಮನೆಗೆ ಬಂದರು.

"ಮೇಲಿನ ಮನೆಯವರನ್ನ ನೀವು ಹೊರಗೆ ಹಾಕಿದ್ರಂತೆ."

"ಯಾರು? ನಾನಾ?"

"ಮನೆ ಖಾಲಿ ಮಾಡಬೇಕೋ ಅಂತ ನನ್ನನ್ನ ಕೇಳ್ತಿದಾರೆ ಕಣ್ರೀ. 'ಕೆಳಗಿನ ಗೃಹಸ್ಥರು ನಮ್ಮನ್ನು ಉಚ್ಚಾಟಿಸಿದರು' ಅಂದ್ರು. ನಾನು ನಿಘಂಟು ನೋಡ್ಕೊಂಡೇ ಬಂದಿದೀನಿ."

"ಅರ್ಧ ಲೀಟರ್ ಕೊಟ್ಟಿದೀನಿ ಮೇಷ್ಟ್ರೇ. ಒಬ್ಬೊಬ್ಬರಿಗೆ. ನಿಮ್ಮ ಜೀವಮಾನದಲ್ಲಿ ಯಾರಾದ್ರೂ ನಿಮಗೆ ಅರ್ಧ ಲೀಟರ್ ಕಾಫಿ ಕೊಟ್ಟಿದಾರಾ?"

"ಇಲ್ಲ. ಕೊಟ್ಟಿದ್ರೆ ನಾನೂ ದೂರು ಕೊಡ್ತಿದ್ದೆ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮ ಕಟ್ಟಡದಲ್ಲಿ ಕಡಿಮೆ ಇರಲಿಲ್ಲ. ಮೇಷ್ಟ್ರು ಇಳಿದು ಹೋಗುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂಚೆ ಕೆಳಗೆ ತಲುಪಿತ್ತು. ನೆಲಮಹಡಿಯ ಟೈಲರು, ಭಾವ ಅವರ ಮೇಲೆ ಬಿಸಿ ಕಾಫಿ ಎರಚಿದರು ಎಂದ. ಸಂಜೆಗೆ ಅದು ಅರ್ಧ ಲೀಟರಿನಿಂದ ಒಂದು ಬಕೆಟ್ಟಿಗೆ ಏರಿತ್ತು. ಭಾವನಿಗೆ ಎರಚಿದರು ಅಂದದ್ದಕ್ಕಿಂತ ಬಕೆಟ್ಟು ಅಂದದ್ದೇ ಹೆಚ್ಚು ನೋವಾಯಿತು. "ಹತ್ತು ಲೀಟರ್ ಹಿಡಿಯುತ್ತೆ ಬಕೆಟ್ಟು. ಇಪ್ಪತ್ತು ಪಟ್ಟು ಸುಳ್ಳು" ಎಂದು ಟೈಲರನ ಅಂಗಡಿಗೇ ಹೋಗಿ ಜಗಳವಾಡಿ, ಹಾಗೇ ಅವನ ಅಳತೆ ಟೇಪನ್ನೂ ಪರೀಕ್ಷಿಸಿ ಬಂದರು. ಟೇಪು ಸರಿಯಾಗಿತ್ತು. ಅದರಿಂದ ಕೋಪ ಇನ್ನಷ್ಟು ಏರಿತು.

ಗುರುವಾರ ಆಫೀಸಿನಲ್ಲಿ ತಮ್ಮ ಸಾಹೇಬರ ಮುಂದೆ ನಿಂತು, ಒಬ್ಬ ವ್ಯಕ್ತಿ ಕಾಲುಭಾಗ ಅಳತೆ ಕೊಟ್ಟರೆ ಕೇಸು ಹಾಕಬಹುದೇ ಎಂದು ಕೇಳಿದರು. ಇದನ್ನು ನನಗೆ ಅಲ್ಲಿನ ಗುಮಾಸ್ತ ಆಮೇಲೆ ಅಭಿನಯಿಸಿ ತೋರಿಸಿದ.

"ಏನು ಸರಕು?" ಎಂದರು ಸಾಹೇಬರು.

"ಕಾಫಿ, ಸಾರ್."

"ಅಂಗಡಿಯಾ, ಹೋಟೆಲಾ?"

"ಮನೆ, ಸಾರ್. ಕರೆದು ಕೊಟ್ಟಿದ್ದು."

"ಪುಕ್ಕಟೆ ಕೊಟ್ಟಿದ್ದಕ್ಕೆ ಅಳತೆ ಯಾವುದ್ರೀ?"

"ಮರ್ಯಾದೆಗೆ ಒಂದು ಅಳತೆ ಬೇಡ್ವಾ, ಸಾರ್?"

ಸಾಹೇಬರು ಇದಕ್ಕೆ ಏನು ಹೇಳುತ್ತಿದ್ದರೋ, ಅಷ್ಟರಲ್ಲಿ ಲ್ಯಾಬಿನಾಕೆ ಬಂದು ಅರ್ಧ ಲೀಟರಿನ ಎರಡು ಪಾತ್ರೆ ವಾರದಿಂದ ಕಾಣುತ್ತಿಲ್ಲ ಎಂದಳು. ಭಾವ ಪ್ರಾಮಾಣಿಕರು. ಅಲ್ಲೇ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. ಸಾಹೇಬರು ಒಂದನ್ನು ಎತ್ತಿ ಮೂಸಿ ನೋಡಿದರು. ಇನ್ನೊಂದನ್ನೂ ಮೂಸಿದರು. ಮಧ್ಯಾಹ್ನದ ಹೊತ್ತಿಗೆ ಭಾವನ ಕೈಗೆ ಮೆಮೋ ಬಂತು. ಇಲಾಖೆಯ ಅಳತೆ ಪಾತ್ರೆಗಳಲ್ಲಿ ಪಾನೀಯ ಕುಡಿಸಿದ್ದಕ್ಕೆ ಮೂರು ದಿನದೊಳಗೆ ವಿವರಣೆ ಕೊಡಬೇಕು, ಕುಡಿದವರ ಲಿಖಿತ ಹೇಳಿಕೆಯನ್ನು ಲಗತ್ತಿಸಬೇಕು.

ಸಂಜೆ ಭಾವ ಮೆಮೋ ಹಿಡಿದು ಮನೆಯೆಲ್ಲ ಸುತ್ತಿದರು. ಕೊಟ್ಟವನಿಗೆ ಮೆಮೋ, ಕಾಲುಭಾಗ ಕೊಟ್ಟವನಿಗೆ ಅನುಕಂಪ, ಇದು ಯಾವ ನ್ಯಾಯ ಎಂದು ಗೋಡೆಯನ್ನು ಕೇಳಿದರು, ನನ್ನನ್ನು ಕೇಳಿದರು. ಅಡುಗೆಮನೆಯಲ್ಲಿ ದೊಡ್ಡ ಸದ್ದಾಯಿತು. ಅಕ್ಕ ಪಾತ್ರೆಯೊಂದನ್ನು ಬಲಗೈಯಲ್ಲಿ ಎತ್ತಲು ಹೋಗಿ ಬೀಳಿಸಿದ್ದಳು. ಭುಜ ಹಿಡಿದುಕೊಂಡು ಹೊರಗೆ ಬಂದಳು. ಅವಳು ಧ್ವನಿ ಏರಿಸಲಿಲ್ಲ.

"ನಾಲ್ಕು ದಿನದಿಂದ ನಿಮ್ಮ ಕಾಫಿ, ನಿಮ್ಮ ಮರ್ಯಾದೆ, ನಿಮ್ಮ ಬಕೆಟ್ಟು ಕೇಳ್ತಾ ಇದೀನಿ. ನನ್ನ ಕೈ ಬಗ್ಗೆ ಈ ಮನೇಲಿ ಒಬ್ಬರಾದ್ರೂ ಕೇಳಿದ್ರಾ? ನೀವು ಹೋಗಲ್ಲ ಅಂದ್ರೆ ಇರಿ. ನಾನು ಹೋಗ್ತೀನಿ."

ಅವಳು ಮೆಟ್ಟಿಲು ಹತ್ತಿ ಹೋದಳು. ಒಂದು ಗಂಟೆ ಕಳೆಯಿತು. ಭಾವ ಮೆಮೋವನ್ನು ಮಡಿಸಿ ಬಿಚ್ಚಿ ಮಡಿಸಿ ಕೂತಿದ್ದರು. ಅಕ್ಕ ಇಳಿದು ಬಂದು ಎದುರಿಗೆ ಕುಳಿತು ವಿಷಯ ಹೇಳಿದಳು. ಅವರ ಕಡೆ ಬಟ್ಟಲಿಗೆ ಕಾಲುಭಾಗ ಹಾಕಿದರೆ ಮರ್ಯಾದೆ. ನೀವು ಇನ್ನೂ ಕೂತಿರಿ, ಮಾತಾಡ್ತಾ ಇರೋಣ, ತಣ್ಣಗಾಗದ ಹಾಗೆ ನಾನು ಹಾಕುತ್ತಲೇ ಇರುತ್ತೇನೆ ಎಂದು ಅರ್ಥ. ಸಾಕಾದರೆ ಅಲ್ಲಾಡಿಸಬೇಕು. ತುಂಬಿಸಿ ಕೊಟ್ಟರೆ, ಕುಡಿದು ಎದ್ದು ನಡೆಯಿರಿ ಎಂದು ಅರ್ಥ.

"ತುಂಬಿಸಿ ಕೊಟ್ರೆ?" ಎಂದರು ಭಾವ.

"ಒಂದು ಬಟ್ಟಲು ತುಂಬಿಸಿದ್ರೇ ಹಾಗಂತೆ. ನೀವು ಕೊಟ್ಟಿದ್ದಕ್ಕೆ ಅವರ ಭಾಷೇಲಿ ಮಾತೇ ಇಲ್ವಂತೆ."

ಭಾವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆದರೆ ಕೋಪ ಅವರಿಗೆ ಹುಟ್ಟುಗುಣ. "ಹಾಗಾದ್ರೆ ಅವರು ಬಾಗಿಲಿಗೆ ಒಂದು ಬೋರ್ಡು ಹಾಕಬೇಕಿತ್ತು" ಎಂದರು.

"ನೀವು ನಿಮ್ಮ ಬಾಗಿಲಿಗೆ ಹಾಕಿದೀರಾ? ನಾನು ಹೇಳಿದೆ, ಅವರು ಕೇಳಿದ್ರು. ಆದ್ರೆ ಕೊಟ್ಟವರೇ ಬಂದು ಹೇಳಬೇಕು ಅಂತಾರೆ."

ಶುಕ್ರವಾರ ಸಂಜೆ ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ಜೇಬಿನಲ್ಲಿ ಮೆಮೋ, ರುಜುವಿಗೆ ಸಿದ್ಧವಾದ ಹೇಳಿಕೆಯ ಕಾಗದ ಇಟ್ಟುಕೊಂಡು, ಅಕ್ಕನ ಹಿಂದೆ ಮೆಟ್ಟಿಲು ಹತ್ತಿದರು. ಅವರ ಹಿಂದೆ ನಾನು. ಮೇಷ್ಟ್ರೂ ಅವರ ರಿಜಿಸ್ಟರೂ ಟೈಲರೂ ಮೆಟ್ಟಿಲ ತಿರುವಿನ ತನಕ ಬಂದು ಅಲ್ಲೇ ನಿಂತರು.

ಸೇತುವೆಯವರು ಗಂಭೀರವಾಗಿ ಒಳಗೆ ಕರೆದರು. ಕುಳಿತೆವು. ಹೂಜಿ ಬಂತು. ಕಾಲುಭಾಗ ಕಾಫಿಯ ಬಟ್ಟಲು ಭಾವನ ಕೈಗೆ ಬಂತು. ಭಾವನಿಗೆ ಹನ್ನೊಂದು ಬಟ್ಟಲಿನ ನೆನಪು ಬಂದಿರಬೇಕು. ಕುಡಿಯದೆ ಅದನ್ನು ಮೆಲ್ಲನೆ ಮುಂದಿನ ಮೇಜಿನ ಮೇಲೆ ಇಟ್ಟರು.

ಸೇತುವೆಯವರು ಹೂಜಿಯನ್ನು ಕೆಳಗಿಟ್ಟು, ಮೊದಲ ಸಲ ಕುಳಿತರು.

"ತಾವು ಬಟ್ಟಲನ್ನು ಇಟ್ಟಿರಿ. ಬೇಡಿಕೆ ಇದೆ ಎಂದಾಯಿತು. ಹೇಳತಕ್ಕದ್ದು."

"ಯಾವ ಬೇಡಿಕೆ?" ಎಂದು ಭಾವ ನನ್ನ ಕಡೆ ನೋಡಿದರು. ನನಗೇನು ಗೊತ್ತು.

"ನಮ್ಮಲ್ಲಿ ಅತಿಥಿಯು ಕುಡಿಯದೆ ಬಟ್ಟಲನ್ನು ಇಟ್ಟರೆ ಆತನಿಗೆ ಏನೋ ಬೇಕಾಗಿದೆ ಎಂದು ಅರ್ಥ. ನಾನು ಆಗಲಿ ಎನ್ನುವವರೆಗೆ ಆತನು ಕುಡಿಯುವುದಿಲ್ಲ. ಕುಡಿಯದೆ ಹೋದರೆ ನನಗೆ ಅಪಮಾನ."

ಭಾವನ ಕೈ ಜೇಬಿಗೆ ಹೋಯಿತು. ಮೆಮೋದ ಮೂಲೆ ಹೊರಗೆ ಬಂದದ್ದನ್ನು ನಾನು ನೋಡಿದೆ. ಅದೇ ಹೊತ್ತಿಗೆ ಪಕ್ಕದಲ್ಲಿ ಕೂತ ಅಕ್ಕನ ಮುಖದ ಮೇಲೆ ಕೂದಲು ಬಿತ್ತು. ಅವಳು ಬಲಗೈ ಎತ್ತಲು ಹೋಗಿ, ಅರ್ಧಕ್ಕೇ ಬಿಟ್ಟು, ಎಡಗೈಯಲ್ಲಿ ಸರಿಸಿಕೊಂಡಳು. ಭಾವನ ಕೈ ಜೇಬಿನಲ್ಲೇ ನಿಂತಿತು. ಆಮೇಲೆ ಖಾಲಿಯಾಗಿ ಹೊರಗೆ ಬಂತು.

"ನೋಡಿ ಸ್ವಾಮಿ" ಎಂದರು ಭಾವ, ಕೇಸು ಹಾಕುವ ಧ್ವನಿಯಲ್ಲಿ. "ಇವಳ ಬೆರಳು ನೂರ ನಲವತ್ತೆರಡು ಸೆಂಟಿಮೀಟರಿಗೆ ಬಂದಿತ್ತು. ಇವತ್ತು ನೂರ ನಲವತ್ತೊಂದು. ಒಂದು ಸೆಂಟಿಮೀಟರ್ ಇಳಿದಿದೆ. ಇದು ಅನ್ಯಾಯ. ಕಾಫಿ ಕೊಟ್ಟವನು ನಾನು. ತಿಳೀದೆ ಕೊಟ್ಟೆ, ತಪ್ಪಾಯ್ತು, ಒಪ್ಕೋತೀನಿ. ಬೈಯ್ಯೋದಿದ್ರೆ ನನ್ನನ್ನ ಬೈಯಿರಿ. ಅವಳ ಭುಜ ನಿಮಗೇನು ಮಾಡಿತ್ತು?"

ಇಷ್ಟು ಜೋರಾಗಿ ಕ್ಷಮೆ ಕೇಳಿದವರನ್ನು ನಾನು ಬೇರೆ ಕಂಡಿಲ್ಲ. ಸೇತುವೆಯವರು ಹೆಂಡತಿಗೆ ಅದನ್ನು ತಮ್ಮ ಭಾಷೆಯಲ್ಲಿ ಹೇಳಿದರು. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಳ್ಳದೆಯೇ ಎದ್ದು ಬಂದು ಅಕ್ಕನ ಕೈ ಹಿಡಿದು ಎಬ್ಬಿಸಿ, ಗೋಡೆಯ ಮುಂದೆ ನಿಲ್ಲಿಸಿದರು. "ಮೇಲೆ" ಎಂದರು.

"ಆಗಲಿ" ಎಂದರು ಸೇತುವೆಯವರು.

ಭಾವ ಬಟ್ಟಲೆತ್ತಿ ಕುಡಿದು, ಮರುಕ್ಷಣವೇ ಅದನ್ನು ಗಂಟೆಯ ಹಾಗೆ ಅಲ್ಲಾಡಿಸಿದರು. ಆದರೆ ಸೇತುವೆಯವರ ಕಣ್ಣು ಜೇಬಿನ ಮೇಲಿತ್ತು. "ಆ ಪತ್ರವು ಯಾವುದು?"

"ಅದೇನಿಲ್ಲ ಬಿಡಿ."

ಸೇತುವೆಯವರು ಹೂಜಿ ಎತ್ತಿ ಬಟ್ಟಲಿಗೆ ಮತ್ತೆ ಕಾಲುಭಾಗ ಹಾಕಿ ಮುಂದೆ ಚಾಚಿದರು. "ಕೆಳಗಿಡಿ" ಎಂದರು. ಭಾವ ತೆಗೆದುಕೊಂಡು ಕೆಳಗಿಟ್ಟರು. "ಬೇಡಿಕೆಯನ್ನು ಹೇಳತಕ್ಕದ್ದು."

ಹೀಗೆ ಮೆಮೋ ಹೊರಗೆ ಬಂತು. ಸೇತುವೆಯವರು ಅದನ್ನು ಮೂರು ಸಲ ಓದಿದರು. ಭಾವ ಬರೆದುಕೊಂಡು ಹೋಗಿದ್ದ ನಾಲ್ಕು ಸಾಲಿನ ಹೇಳಿಕೆಯನ್ನು ಓದಿ, ಎರಡು ಕಡೆ ಕಾಗುಣಿತ ತಿದ್ದಿ, ಆಮೇಲೆ ಅದನ್ನು ಪಕ್ಕಕ್ಕಿಟ್ಟು ತಾವೇ ಹೊಸ ಹಾಳೆಯಲ್ಲಿ ಬರೆದರು. ಅದರ ನಡುವಿನ ಭಾಗ ನನಗೆ ಬಾಯಿಪಾಠ ಆಗಿದೆ: "ಸದರಿ ಪಾತ್ರೆಗಳು ಅರ್ಧ ಲೀಟರಿಗೆ ಒಂದು ಬಿಂದುವಿನಷ್ಟೂ ನ್ಯೂನವಾಗಿರಲಿಲ್ಲವೆಂಬುದನ್ನು ನಾನು ಹಾಗೂ ನನ್ನ ಧರ್ಮಪತ್ನಿಯು ಸ್ವಂತ ಉದರಗಳಿಂದಲೇ ಪರೀಕ್ಷಿಸಿರುತ್ತೇವೆ. ಕೊಟ್ಟವರ ಉದ್ದೇಶವು ಗೌರವವೇ ಹೊರತು ಉಚ್ಚಾಟನೆಯಲ್ಲವೆಂಬುದು ಐದು ದಿನಗಳ ತರುವಾಯ ಮನವರಿಕೆಯಾಗಿರುತ್ತದೆ."

ಶನಿವಾರ ಸಾಹೇಬರು ಅದನ್ನು ಓದಿ, ಬಾಗಿಲು ಹಾಕಿಕೊಂಡು ಇನ್ನೊಮ್ಮೆ ಓದಿದರಂತೆ. ಪಾತ್ರೆಗಳನ್ನು ಮರುಪರೀಕ್ಷೆಗೆ ಕಳಿಸಿದರು. ಭಾವನಿಗೆ ಎಚ್ಚರಿಕೆ ಕೊಟ್ಟು ಕಡತ ಮುಗಿಸಿದರು. ಭಾವ ಹೊರಡುವಾಗ ಕರೆದು, "ಈ ಭಾಷೆ ಬರೆದವರು ಯಾರ್ರೀ? ನಮ್ಮ ಆಫೀಸಿನಲ್ಲಿ ಇಂಥ ಒಂದು ವಾಕ್ಯ ಬರೆಯೋರಿಲ್ಲ. ಈ ಸಲದ ವಾರ್ಷಿಕ ವರದಿ ಅವರ ಹತ್ತಿರ ತಿದ್ದಿಸಿಕೊಂಡು ಬನ್ನಿ" ಎಂದರು.

ಒಂದು ತಿಂಗಳು ಕಳೆದು ತಿದ್ದಿದ ವರದಿ ಮೇಲಿನ ಮನೆಯಿಂದ ಇಳಿದು ಬಂತು. ಭಾವ ಅದರ ಹಾಳೆ ಮಗುಚುತ್ತಾ ಕುದಿಯುತ್ತಿದ್ದರು. ನಾನು ಎದುರಿಗೆ ಕೂತಿದ್ದೆ.

"ಮೂವತ್ತು ವರ್ಷ ಬರೆದಿದೀನಯ್ಯಾ ನಾನು ಈ ವರದೀನ. ಒಬ್ಬ ಸಾಹೇಬನಾದ್ರೂ ಚೆನ್ನಾಗಿದೆ ಅಂದಿಲ್ಲ. ಹುಟ್ಟಿದ್ದು ಮಾತಾಡಿದ್ದು ಎಲ್ಲ ಈ ಭಾಷೇಲಿ. ನಿನ್ನೆ ಮೊನ್ನೆ ಬಂದವನು ನನ್ನ 'ಳ'ಕ್ಕೆ ಸುತ್ತು ಹಾಕಿ ಕಳಿಸಿದಾನೆ, ನೋಡು ಇಲ್ಲಿ. ಮೂವತ್ತು ವರ್ಷ..."

ಅಲ್ಲಿಗೆ ಮಾತು ನಿಂತಿತು. ಅಡುಗೆಮನೆಯಲ್ಲಿ ಅಕ್ಕ ಮೇಲಿನ ಅಟ್ಟಣಿಗೆಯಿಂದ ಡಬ್ಬಿಯೊಂದನ್ನು ತೆಗೆಯುತ್ತಿದ್ದಳು. ಬಲಗೈ ನೆಟ್ಟಗೆ ತಲೆಯ ಮೇಲೆ ಹೋಗಿತ್ತು. ಅವಳಿಗೇ ಅದರ ಗಮನ ಇರಲಿಲ್ಲ. ಡಬ್ಬಿ ಇಳಿಸಿ, ಮುಚ್ಚಳ ತೆಗೆದು, ಅವಳ ಪಾಡಿಗೆ ಅವಳು ಕೆಲಸ ಮುಂದುವರಿಸಿದಳು. ಭಾವ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಎಲ್ಲಿದ್ದೆ ನಾನು?" ಎಂದು ಕೇಳಿದರು.

"ಮೂವತ್ತು ವರ್ಷ" ಎಂದೆ.

"ಹಾಂ, ಮೂವತ್ತು ವರ್ಷ" ಎಂದು ಮತ್ತೆ ಮೊದಲಿನಿಂದ ಶುರುಮಾಡಿದರು.